ದಾರದಕ್ಕನ ಏಳನೇ ನಂಬರ್ ಚೀಟಿ

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷ ಇದೆ. ಮೂರನೇ ಮಹಡಿಯ ಹೊಲಿಗೆ ಕೋಣೆಯಲ್ಲಿ ಇಪ್ಪತ್ತೆರಡು ಮಿಷನ್‌ಗಳು ಮುಸುಕು ಹೊದ್ದು ಮಲಗಿವೆ. ಪೂರ್ವದ ಕಿಟಕಿಯ ಪಕ್ಕದ ಮೇಜಿನ ಮುಂದೆ ಮಾತ್ರ ಒಬ್ಬ ಹೆಂಗಸು ಆಗಲೇ ಕೂತಾಗಿದೆ. ಮೇಜಿನ ಮೇಲೆ ಬಿಗಿಯಾಗಿ ಎಳೆದು ಮೊಳೆ ಹೊಡೆದ ಕಪ್ಪು ಬಟ್ಟೆ. ಒಂದು ಕಾಲಕ್ಕೆ ಅದು ಕೊಡೆಯಾಗಿತ್ತು. ಅವರ ಎಡಗೈಯಲ್ಲಿ ಹೆಬ್ಬೆರಳು ದಪ್ಪದ ಮರದ ಗೂಟ, ಬಲಗೈಯಲ್ಲಿ ಬೆರಳುದ್ದದ ಕತ್ತರಿ. ಕಾಲುಚೀಲವೂ ಸೇರಿಸಿ ಹೊಲಿದ ಹಾಲಿನ ಬಣ್ಣದ ಪುಟಾಣಿ ಅಂಗಿಯೊಂದರ ಪಾದವನ್ನು ಗೂಟಕ್ಕೆ ಸಿಕ್ಕಿಸಿ, ಒಂದೇ ಸೆಳೆತಕ್ಕೆ ಒಳಗಿನದನ್ನು ಹೊರಗೆ ಮಾಡುತ್ತಾರೆ. ಕಿಟಕಿಯಿಂದ ಓರೆಯಾಗಿ ಬಂದ ಎಳೆಬಿಸಿಲಿಗೆ ಹಿಡಿಯುತ್ತಾರೆ. ನಮ್ಮ ನಿಮ್ಮ ಕಣ್ಣಿಗೆ ಅಲ್ಲಿ ಏನೇನೂ ಕಾಣುವುದಿಲ್ಲ. ಅವರಿಗೆ ಕಾಣುತ್ತದೆ. ಕಚಕ್! ಕೂದಲಿನಷ್ಟು ತೆಳ್ಳಗಿನ ದಾರದ ತುಂಡೊಂದು ಕಪ್ಪು ಬಟ್ಟೆಯ ಮೇಲೆ ಬೀಳುತ್ತದೆ.

“ಈ ಟ್ಯೂಬ್‌ಲೈಟ್ ಇದೆಯಲ್ಲಾ, ಅದು ಶುದ್ಧ ಸುಳ್ಳುಬುರುಕ,” ಅನ್ನುತ್ತಾರೆ, ತಲೆ ಎತ್ತದೆ. “ನೆತ್ತಿ ಮೇಲಿಂದ ಬೆಳಕು ಬಿಟ್ರೆ ಎಲ್ಲಾ ಒಂದೇ ಸಮ ಕಾಣುತ್ತೆ. ಬೆಳಗಿನ ಬಿಸಿಲು ಅಡ್ಡ ಬೀಳುತ್ತೆ ನೋಡಿ, ಒಂದೊಂದು ಎಳೆಗೂ ನೆರಳು ಬರುತ್ತೆ. ದಾರ ಬೇಕಾದ್ರೆ ಬಚ್ಚಿಟ್ಟುಕೊಳ್ಳಲಿ, ನೆರಳು ಎಲ್ಲಿ ಬಚ್ಚಿಟ್ಟುಕೊಳ್ಳುತ್ತೆ?”

ಇವರು ದಾರದಕ್ಕ. ವಯಸ್ಸು ಐವತ್ತೆಂಟು. ಹಾಜರಿ ಪುಸ್ತಕದಲ್ಲಿ ಬೇರೊಂದು ಹೆಸರಿದೆ. ಆ ಹೆಸರು ಹಿಡಿದು ಕೂಗಿದರೆ ಅವರೇ ಹಿಂದೆ ತಿರುಗಿ, ಯಾರನ್ನು ಕರೆಯುತ್ತಿದ್ದಾರೆ ಎಂದು ನೋಡುತ್ತಾರಂತೆ. ಎಳೆಮಕ್ಕಳ ಬಟ್ಟೆ ಹೊಲಿಯುವ ಈ ಸಣ್ಣ ಕಾರ್ಖಾನೆಗೆ ಅವರು ಬಂದು ಇಪ್ಪತ್ತಾರು ವರ್ಷವಾಯಿತು. ಅದರಲ್ಲಿ ಕೊನೆಯ ಹದಿನಾರು ವರ್ಷ ಕಳೆದದ್ದು ಈ ಕಪ್ಪು ಮೇಜಿನ ಮುಂದೆಯೇ. ಕೆಲಸ ಏನೆಂದರೆ, ಹೊಲಿದು ಬಂದ ಅಂಗಿಗಳಿಂದ ಹೆಚ್ಚುವರಿ ದಾರ ಕತ್ತರಿಸುವುದು. ಇಷ್ಟೇನಾ ಎಂದು ಮೂಗು ಮುರಿಯಬೇಡಿ. ಮುರಿದವರು ಬೇಕಾದಷ್ಟು ಜನ ಇದ್ದಾರೆ, ಅವರ ಮೂಗು ಆಮೇಲೆ ನೆಟ್ಟಗಾದ ಕಥೆಯೂ ಇಲ್ಲೇ ಇದೆ.

ಹೊಲಿಗೆ ಕಾರ್ಖಾನೆಗಳಲ್ಲಿ ಮೇಲು ಕೀಳಿನ ಏಣಿಯೊಂದಿದೆ. ಎಲ್ಲಕ್ಕಿಂತ ಮೇಲೆ ಬಟ್ಟೆ ಕತ್ತರಿಸಿ ಕೊಡುವ ಕಟಿಂಗ್ ಮಾಸ್ಟರ್. ಅವರ ಕೆಳಗೆ ಮಿಷನ್ ತುಳಿಯುವವರು. ಅದರ ಕೆಳಗೆ ಬಟನ್ ಒತ್ತುವವರು, ಇಸ್ತ್ರಿಯವರು. ಕಟ್ಟಕಡೆಯ ಮೆಟ್ಟಿಲಲ್ಲಿ ದಾರ ಕತ್ತರಿಸುವವರು. ದಾರದಕ್ಕ ಮೊದಲು ಮಿಷನ್ ತುಳಿಯುತ್ತಿದ್ದವರೇ. ಮಗುವಿನ ಅಂಗೈಯಷ್ಟಗಲದ ತೋಳನ್ನು ಒಂದು ಸುಕ್ಕೂ ಬೀಳದಂತೆ ಕೂಡಿಸುವುದರಲ್ಲಿ ಅವರದು ಎತ್ತಿದ ಕೈ. ಹತ್ತನೇ ವರ್ಷದಲ್ಲಿ ಒಂದು ಮಧ್ಯಾಹ್ನ ಸೂಜಿ ಬಲಗೈ ತೋರುಬೆರಳಿನ ಉಗುರನ್ನು ಸೀಳಿಕೊಂಡು ಇಳಿಯಿತು. ಗಾಯ ಮಾಯಿತು, ಬೆರಳು ಮಡಚುವುದು ನಿಂತಿತು. “ಮಿಷನ್‌ನಿಂದ ಕತ್ತರಿಗೆ ಇಳಿಸಿದ್ರು. ಒಂದು ವಾರ ಮನೇಲಿ ಯಾರ ಮುಖಾನೂ ನೋಡಲಿಲ್ಲ ನಾನು. ಒಲೆ ಮುಂದೆ ಕೂತು ಅತ್ತಿದ್ದೇ ಅತ್ತಿದ್ದು. ಹೊಗೆ ಅಂತ ಹೇಳ್ಕೊಂಡೆ, ಗ್ಯಾಸ್ ಒಲೇಲಿ ಎಲ್ಲಿಯ ಹೊಗೆ!” ಎಂದು ಈಗ ನಗುತ್ತಾರೆ.

ಅವರ ಯಜಮಾನರು ಬಡಗಿ. ಮಾತು ಕಡಿಮೆ, ಕೈ ಚುರುಕು. ಹೆಂಡತಿಯ ಮಡಚದ ಬೆರಳನ್ನು ಎರಡು ದಿನ ನೋಡಿದವರು ಮೂರನೇ ದಿನ ಆ ಮರದ ಗೂಟ ಕಡೆದು ತಂದರು. ತುದಿ ಮೊಟ್ಟೆಯಂತೆ ನುಣುಪು, ಬುಡ ಎಡಗೈ ಹಿಡಿತಕ್ಕೆ ಒಪ್ಪುವಂತೆ ಓರೆ. “ನಿನ್ನ ಬೆರಳು ಮಡಚದಿದ್ರೆ ಬೇಡ, ಅಂಗಿ ಮಡಚಿಕೊಳ್ಳುತ್ತೆ,” ಅಂದರಂತೆ. ಗೂಟ ಹದಿನಾರು ವರ್ಷದಿಂದ ಅದೇ. ಸವೆದು ಸವೆದು ಈಗ ಜೇನಿನ ಬಣ್ಣಕ್ಕೆ ಬಂದಿದೆ.

ಲೆಕ್ಕ ಕೇಳಿದರೆ ದಾರದಕ್ಕ ಬೆರಳು ಮಡಚದೆಯೇ ಹೇಳುತ್ತಾರೆ. ದಿನಕ್ಕೆ ನಾನೂರ ಎಂಬತ್ತು ಅಂಗಿ. ಒಂದು ಅಂಗಿಗೆ ನೋಡಬೇಕಾದ ಜಾಗ ಒಂಬತ್ತು: ಕುತ್ತಿಗೆ, ಎರಡು ಕಂಕುಳು, ಎರಡು ಮುಂಗೈ, ತೊಡೆಸಂದು, ಬಟನ್ ಪಟ್ಟಿ, ಎರಡು ಪಾದ. ಒಂದು ಅಂಗಿಯಲ್ಲಿ ಸಿಗುವ ದಾರ ನಾಲ್ಕರಿಂದ ಏಳು. ಕತ್ತರಿಸಿದ ದಾರ ಕಸಕ್ಕೆ ಹೋಗುವುದಿಲ್ಲ. ಚೀಲದಲ್ಲಿ ಮನೆಗೆ ಬರುತ್ತದೆ, ವರ್ಷಕ್ಕೊಂದು ದಿಂಬಾಗುತ್ತದೆ. ಮನೆಯಲ್ಲಿ ಈಗ ಒಂಬತ್ತು ದಿಂಬುಗಳಿವೆ, ಬೀಗರ ಮನೆಗೆ ಆರು ಹೋಗಿವೆ, ಇನ್ನು ಬೇಡ ಎಂದು ಬೀಗಿತ್ತಿ ಕೈ ಮುಗಿದಿದ್ದಾರೆ. “ಮಲಗೋವಾಗ ಅದೇ ಯೋಚನೆ ಮಾಡ್ತೀನಿ,” ಅನ್ನುತ್ತಾರೆ ದಾರದಕ್ಕ. “ಇಷ್ಟೂ ದಾರ ಯಾವುದೋ ಕೂಸಿನ ಮೈಗೆ ಚುಚ್ಚಬೇಕಾಗಿದ್ದು. ಬಂದು ನನ್ನ ತಲೆ ಕೆಳಗೆ ಬಿದ್ದಿದೆ, ಬಿದ್ದಿರಲಿ.”

ಪರೀಕ್ಷೆ ಮುಗಿದ ಪ್ರತಿ ಅಂಗಿಯ ಎಡಪಾದದೊಳಗೆ ಒಂದು ಪುಟ್ಟ ಚೀಟಿ ಇಡುವುದು ಈ ಕಾರ್ಖಾನೆಯ ರೂಢಿ. ಚೀಟಿಯ ಮೇಲೆ ಪರೀಕ್ಷೆ ಮಾಡಿದವರ ನಂಬರ್. ದಾರದಕ್ಕನದು ಏಳು. ತಾಯಿ ಅಂಗಿ ತೊಡಿಸಲು ಹೋದಾಗ ಚೀಟಿ ಸಿಗುತ್ತದೆ, ಬಿಸಾಡುತ್ತಾಳೆ. ಆ ಏಳು ಎಂದರೆ ಯಾರು ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿ ಬರೆದಿಲ್ಲ.

ಬೀದಿಯಲ್ಲಿ ಮಾತ್ರ ಕಥೆ ಬೇರೆ. ಅವರ ಬೀದಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ, ಮಗುವಿಗೆ ಬಟ್ಟೆ ಕೊಳ್ಳುವ ಮುಂಚೆ ದಾರದಕ್ಕನನ್ನು ಒಂದು ಮಾತು ಕೇಳಲೇಬೇಕು. ಕೇಳದೆ ಕೊಂಡವರು ಆಮೇಲೆ ಬಚ್ಚಿಟ್ಟುಕೊಂಡು ತೊಡಿಸಬೇಕಾಗುತ್ತದೆ. ಭಾನುವಾರ ಸಂಜೆ ಬಾಗಿಲ ಮೆಟ್ಟಿಲ ಮೇಲೆ ಕೂತರೆ ಸಾಕು, ತಂದ ಅಂಗಿಗಳನ್ನು ಹಿಡಿದು ಒಬ್ಬೊಬ್ಬರೇ ಬರುತ್ತಾರೆ. ಮೊನ್ನೆ ಎದುರುಮನೆಯ ಹೊಸ ಅಪ್ಪ ಒಂದು ಕೋಟು ತಂದಿದ್ದ. ಕಾಲರ್, ನಾಲ್ಕು ಹೊಳೆಯುವ ಬಟನ್, ಎರಡು ಜೇಬು. ಮಗುವಿಗೆ ಇಪ್ಪತ್ತು ದಿನ.

“ಜೇಬು ಯಾಕಪ್ಪಾ? ಚಿಲ್ಲರೆ ಇಟ್ಟುಕೊಳ್ಳೋಕಾ?” ಎಂದರು ದಾರದಕ್ಕ. ಸುತ್ತ ಇದ್ದ ಹೆಂಗಸರೆಲ್ಲ ಗೊಳ್ಳೆಂದರು.

“ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಅಂತ ತಂದೆ ಅಕ್ಕಾ.”

“ಫೋಟೋ ಒಂದು ಗಳಿಗೆ, ಮಗು ಇಡೀ ದಿನ. ಈ ಬಟನ್ ಕಿತ್ತು ಬಂದ್ರೆ ಎಲ್ಲಿಗೆ ಹೋಗುತ್ತೆ? ಸೀದಾ ಬಾಯಿಗೆ. ಈ ಕಾಲರ್ ಎಲ್ಲಿ ಒತ್ತುತ್ತೆ? ಗಲ್ಲದ ಕೆಳಗೆ, ಹಾಲು ಇಳಿದು ಒದ್ದೆಯಾಗೋ ಜಾಗಕ್ಕೆ. ವಾಪಸ್ ಕೊಟ್ಟು ಬಾ. ಮೆತ್ತಗಿರೋ ಹತ್ತಿ ಅಂಗಿ ಆರು ತಾ, ಮುಂದೆ ಬಿಚ್ಚೋ ಹಾಗಿರಲಿ, ಟಿಚ್ ಬಟನ್ ಇರಲಿ. ಒಂದಳತೆ ದೊಡ್ಡದೇ ತಾ, ಮಗು ಏನು ನಿನ್ನ ಹಾಗೆ ಬೆಳೆಯೋದು ನಿಲ್ಲಿಸಿದೆಯಾ?”

ಆತ ನಗುತ್ತಲೇ ತಲೆ ತಗ್ಗಿಸಿ ಹೋದ. ದಾರದಕ್ಕನ ಬಾಯಿಯೇ ಹಾಗೆ, ಬೈಸಿಕೊಂಡವರಿಗೂ ಬೇಜಾರಾಗುವುದಿಲ್ಲ. ಸೊಂಟದ ಎಲಾಸ್ಟಿಕ್ ಒಳಗೆ ಎರಡು ಬೆರಳು ಸಲೀಸಾಗಿ ಆಡಬೇಕು. ಕುತ್ತಿಗೆಗೆ ಲಾಡಿ, ರಿಬ್ಬನ್ ಏನೂ ಕೂಡದು. ಹೊಸ ಅಂಗಿಯನ್ನು ಒಗೆಯದೆ ತೊಡಿಸಬಾರದು. ಬಟ್ಟೆ ಮೆತ್ತಗಿದೆಯೇ ಎಂದು ಕೈಯಲ್ಲಿ ಮುಟ್ಟಿ ನೋಡಿದರೆ ಪ್ರಯೋಜನವಿಲ್ಲ, ನಮ್ಮ ಕೈ ಪಾತ್ರೆ ತಿಕ್ಕಿ ದಡ್ಡುಗಟ್ಟಿರುತ್ತದೆ. ಕೆಳದುಟಿಗೆ ಒತ್ತಿ ನೋಡಬೇಕು. ಇವೆಲ್ಲ ಅವರ ಕಾನೂನು. ಮೊದಲ ಕಾನೂನು ಮಾತ್ರ ಅಂಗಡಿಯಲ್ಲೇ ಪಾಲಿಸಬೇಕಾದದ್ದು: ಅಂಗಿಯನ್ನು ತಿರುವಿ ನೋಡಿ. “ಮೇಲೆ ಥಳುಕು, ಒಳಗೆ ಹುಳುಕು ಅಂತಾರಲ್ಲ. ನಾವು ನೋಡೋದು ಮೇಲುಗಡೆ. ಮಗುಗೆ ತಾಗೋದು ಒಳಗಡೆ.”

ಇಷ್ಟೆಲ್ಲ ಬಲ್ಲ ದಾರದಕ್ಕನೇ ಮೂರು ವರ್ಷದ ಹಿಂದೆ ಒಮ್ಮೆ ತಿರುವಿ ನೋಡಲಿಲ್ಲ. ಆ ವಿಷಯವನ್ನು ಅವರು ಮುಚ್ಚಿಡುವುದಿಲ್ಲ. ಬರೆಯಬಹುದೇ ಎಂದರೆ, “ಅದನ್ನ ಬಿಟ್ಟು ಮಿಕ್ಕಿದ್ದು ಬರೆದ್ರೆ ಪೇಪರೇ ಓದಲ್ಲ ನಾನು,” ಅನ್ನುತ್ತಾರೆ.

ಆಗ ಕಾರ್ಖಾನೆಗೆ ದೊಡ್ಡ ಅಂಗಡಿಯೊಂದರಿಂದ ಬೇಡಿಕೆ ಬಂದಿತ್ತು. ಸಾವಿರದ ನಾನೂರ ನಲವತ್ತು ಪಾದದಂಗಿ. ಪಾದದಂಗಿ ಎಂದರೆ ಕುತ್ತಿಗೆಯಿಂದ ಕಾಲ್ಬೆರಳವರೆಗೂ ಒಂದೇ ಆಗಿರುವ ಅಂಗಿ, ಕಾಲುಚೀಲವೂ ಅದರಲ್ಲೇ ಸೇರಿಕೊಂಡಿರುತ್ತದೆ. ಒದ್ದಾಡುವ ಮಗುವಿಗೆ ಅದು ಒಳ್ಳೆಯ ಬಟ್ಟೆಯೇ, ಕಾಲುಚೀಲ ಕಳಚಿ ಬೀಳುವ ಗೋಳಿಲ್ಲ. ಆದರೆ ಪಾದದ ತುದಿಯಲ್ಲಿ ಮಿಷನ್ ಬಿಟ್ಟ ದಾರದ ಬಾಲ ಒಳಗೇ ಉಳಿಯುತ್ತದೆ. ಅದನ್ನು ತೆಗೆಯಬೇಕೆಂದರೆ ಪೂರ್ತಿ ಅಂಗಿ ತಿರುವಬೇಕು. ತಿರುವಿ, ಕತ್ತರಿಸಿ, ಮತ್ತೆ ಸರಿಮಾಡಲು ಒಂದು ಅಂಗಿಗೆ ನಿಮಿಷ ಹಿಡಿಯುತ್ತದೆ. ಸಮಯ ಇದ್ದದ್ದು ಎರಡೇ ದಿನ.

ದಾರದಕ್ಕ ಒಂದು ಉಪಾಯ ಕಂಡುಕೊಂಡರು. ತಿರುವುವುದೇ ಬೇಡ, ಎಡಗೈಯ ಎರಡು ಬೆರಳು ಪಾದದೊಳಗೆ ಬಿಟ್ಟು, ತಡವಿ, ದಾರ ಸಿಕ್ಕಲ್ಲಿ ಕತ್ತರಿ ತೂರಿಸಿ ಕಚಕ್ ಅನ್ನಿಸಿ, ತುಂಡನ್ನು ಎಳೆದು ಹಾಕುವುದು. ದಿನಕ್ಕೆ ನಾನೂರ ಎಂಬತ್ತರ ಬದಲು ಏಳುನೂರ ಇಪ್ಪತ್ತು ಅಂಗಿ! ಎರಡನೇ ದಿನ ಸಂಜೆ ಮಾಲೀಕರು ಎಲ್ಲ ಮಿಷನ್ ನಿಲ್ಲಿಸಿ ಅವರಿಗೆ ಚಪ್ಪಾಳೆ ತಟ್ಟಿಸಿದರು. “ಯಾರೂ ಹಾಗೆ ಮಾಡು ಅಂದಿರಲಿಲ್ಲ. ನಾನೇ ಮಾಡಿದ್ದು. ನನ್ನ ಬೆರಳಿಗೂ ಕಣ್ಣಿದೆ ಅನ್ನೋ ಕೊಬ್ಬು,” ಎನ್ನುತ್ತಾರೆ ದಾರದಕ್ಕ. ಅದೇ ಖುಷಿಯಲ್ಲಿ ಒಂದು ಅಂಗಿಯನ್ನು ತಾವೇ ಕೊಂಡು ಮಗಳ ಮನೆಗೆ ಒಯ್ದು ಕೊಟ್ಟರು. ಮಗಳಿಗೆ ಹೆಣ್ಣುಮಗು ಹುಟ್ಟಿ ನಲವತ್ತು ದಿನವಾಗಿತ್ತು. ಎಡಪಾದದಲ್ಲಿ ಸಿಕ್ಕ ಏಳನೇ ನಂಬರಿನ ಚೀಟಿಯನ್ನು ಮಗಳು ಬಿಸಾಡಲಿಲ್ಲ. ಅಮ್ಮನ ನಂಬರ್ ಎಂದು ಕನ್ನಡಿಯ ಮೂಲೆಗೆ ಅಂಟಿಸಿದಳು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಗು ಅಳಲು ಶುರುಮಾಡಿತು. ಹಾಲು ಕುಡಿಸಿದರು, ಅಳು ನಿಲ್ಲಲಿಲ್ಲ. ಹೊಟ್ಟೆನೋವಿರಬೇಕು ಎಂದರು ಬೀಗಿತ್ತಿ. ದೃಷ್ಟಿಯಾಗಿರಬೇಕು ಎಂದರು ಪಕ್ಕದಮನೆಯವರು. ಎತ್ತಿಕೊಂಡು ಓಡಾಡಿದರು, ತೊಟ್ಟಿಲು ತೂಗಿದರು. ಹನ್ನೆರಡರ ಹೊತ್ತಿಗೆ ಕೂಸಿನ ದನಿ ಬಿದ್ದುಹೋಗಿ ಬರೀ ಉಸಿರಿನ ಕೀಚಲು ಉಳಿದಿತ್ತು. ಮಗಳು ಫೋನ್ ಮಾಡಿ, “ಅಮ್ಮಾ, ಬೇಗ ಬಾರಮ್ಮ,” ಅಂದವಳು ಮುಂದೆ ಮಾತಾಡಲಾಗದೆ ಅತ್ತಳು.

ದಾರದಕ್ಕ ಹೋದವರೇ ಮಗುವನ್ನು ಕಿಟಕಿಯ ಬಳಿ ಮಲಗಿಸಿ ಅಂಗಿ ಬಿಚ್ಚಿದರು. ಕಾರ್ಖಾನೆಯ ಒಂಬತ್ತು ಜಾಗ ನೋಡುವ ಹಾಗೆ ಕುತ್ತಿಗೆಯಿಂದ ಶುರುಮಾಡಿದರು. ಕುತ್ತಿಗೆ, ಕಂಕುಳು, ಮುಂಗೈ, ತೊಡೆಸಂದು. ಬಲಗಾಲಿಗೆ ಬಂದಾಗ ಎರಡನೇ ಬೆರಳು ಕೆಂಪಗೆ ಊದಿಕೊಂಡು ಹಣ್ಣಾಗಿತ್ತು. ಬುಡದಲ್ಲಿ ಒಂದು ಗೆರೆ. ಚರ್ಮದ ಮಡಿಕೆ ಎಂದೇ ಯಾರಾದರೂ ಹೇಳುತ್ತಿದ್ದರು. ಹದಿಮೂರು ವರ್ಷ ದಾರ ನೋಡಿದ ಕಣ್ಣು ಅದನ್ನು ನಂಬಲಿಲ್ಲ.

“ದಾರ,” ಎಂದರು. ಅಷ್ಟೇ ಹೇಳಿ, ಮಗುವನ್ನು ಎದೆಗವಚಿಕೊಂಡು ಚಪ್ಪಲಿಯನ್ನೂ ಮೆಟ್ಟದೆ ಓಡಿದರು. ಎರಡು ಬೀದಿ ಆಚೆಯ ದವಾಖಾನೆಯಲ್ಲಿ ಡಾಕ್ಟರಮ್ಮ ಭೂತಗನ್ನಡಿ ಹಿಡಿದು, ಸಣ್ಣ ಇಕ್ಕಳದಿಂದ ಅದನ್ನು ಹಿಡಿದು ಕತ್ತರಿಸಿದರು. ನಾಲ್ಕು ಸುತ್ತು ಸುತ್ತಿತ್ತು. ಇನ್ನು ಕೆಲವು ಗಂಟೆ ಕಳೆದಿದ್ದರೆ ಬೆರಳು ಉಳಿಯುವ ಭರವಸೆ ಇರುತ್ತಿರಲಿಲ್ಲ ಎಂದರು. ಮಗು ಬಿಕ್ಕುತ್ತ ಬಿಕ್ಕುತ್ತ ಅಲ್ಲೇ ಮಲಗಿಬಿಟ್ಟಿತು. ಡಾಕ್ಟರಮ್ಮ ಬಿಳಿ ಹತ್ತಿಯ ಮೇಲೆ ಇಟ್ಟ ದಾರವನ್ನು ದಾರದಕ್ಕ ನೋಡಿದರು. ಹಾಲಿನ ಬಣ್ಣದ ದಾರ. ಒಂದು ತುದಿ ಮಿಷನ್ ಬಿಟ್ಟಂತೆ ಜುಂಜಾಗಿತ್ತು. ಇನ್ನೊಂದು ತುದಿ ನೀಟಾಗಿ, ಓರೆಯಾಗಿ ಕತ್ತರಿಸಿದ್ದಾಗಿತ್ತು.

“ಮಡಚದ ಬೆರಳಲ್ಲಿ ಕತ್ತರಿ ಹಿಡಿದ್ರೆ ಓರೆನೇ ಬೀಳೋದು. ಆ ಓರೆ ನನ್ನದು, ಬೇರೆ ಯಾರದೂ ಅಲ್ಲ. ಮಿಷನ್ ಬಿಟ್ಟ ದಾರ ಅಲ್ಲ ಅದು. ನಾನು ಕತ್ತರಿಸಿ, ಎಳೆದು ಹಾಕದೆ ಒಳಗೇ ಬಿಟ್ಟ ದಾರ. ಸುಮ್ಮನೆ ಬಾಲ ಇದ್ದಿದ್ರೆ ಬಟ್ಟೆಗಾದ್ರೂ ಅಂಟಿಕೊಂಡಿರೋದು. ನಾನು ಅದನ್ನ ಬಿಡಿಸಿ ಮೊಮ್ಮಗಳ ಕಾಲಿಗೆ ಕೊಟ್ಟೆ,” ಎನ್ನುವಾಗ ದಾರದಕ್ಕನ ಕತ್ತರಿ ಮೊದಲ ಬಾರಿಗೆ ಕೆಳಗೆ ಇಳಿಯುತ್ತದೆ. ಕಣ್ಣಲ್ಲಿ ನೀರು ಬರುತ್ತದೆ. ಸೆರಗಿನಿಂದ ಒರೆಸಿಕೊಂಡು ಮುಂದಿನ ಅಂಗಿ ಎತ್ತಿಕೊಳ್ಳುತ್ತಾರೆ.

ಮನೆಗೆ ಬಂದಾಗ ಕನ್ನಡಿಯ ಮೂಲೆಯ ಚೀಟಿ ಹಾಗೇ ಇತ್ತು. ತೆಗೆದುಬಿಡು ಎಂದು ದಾರದಕ್ಕ ಹೇಳಿದರೂ ಮಗಳು ತೆಗೆಯಲಿಲ್ಲ. “ಹುಡುಕಿದ್ದೂ ನೀನೇ ಅಲ್ವೇನಮ್ಮಾ?” ಎಂದಳು.

ಸೋಮವಾರ ಬೆಳಿಗ್ಗೆ ಮಾಲೀಕರು ಬರುವ ಹೊತ್ತಿಗೆ ದಾರದಕ್ಕ ಮೇಜಿನ ಮುಂದೆ ಇರಲಿಲ್ಲ, ಬಾಗಿಲ ಬಳಿ ನಿಂತಿದ್ದರು. ಅಂಗಿಗಳೆಲ್ಲ ಪೊಟ್ಟಣವಾಗಿ, ಇಪ್ಪತ್ನಾಲ್ಕರಂತೆ ಅರವತ್ತು ರಟ್ಟಿನ ಡಬ್ಬಗಳಲ್ಲಿ ಗೋಡೆಗೆ ಒರಗಿ ಕೂತಿದ್ದವು. ಹನ್ನೊಂದಕ್ಕೆ ವ್ಯಾನ್ ಬರುವುದಿತ್ತು. ದಾರದಕ್ಕ ನಡೆದದ್ದೆಲ್ಲ ಹೇಳಿದರು. ತಪ್ಪು ನನ್ನದು, ಡಬ್ಬ ಎಲ್ಲ ಬಿಚ್ಚಬೇಕು ಎಂದರು.

ಮಾಲೀಕರು ಕೆಟ್ಟವರಲ್ಲ. ಆದರೆ ಅರವತ್ತು ಡಬ್ಬ ನೋಡಿದಾಗ ಯಾರ ತಲೆಯೂ ಸ್ವಲ್ಪ ಬಿಸಿಯಾಗುತ್ತದೆ. “ಮಗು ಹುಷಾರಾಗಿದೆ ತಾನೇ? ಸದ್ಯ! ಏನೋ ಒಂದು ಅಂಗೀಲಿ ಹಾಗಾಯ್ತು. ಒಂದು ದಾರಕ್ಕೋಸ್ಕರ ಸಾವಿರದ ನಾನೂರು ಪೀಸ್ ಬಿಚ್ಚೋಕಾಗುತ್ತಾ ಅಕ್ಕಾ?”

“ದಾರಕ್ಕಲ್ಲ ಸಾರ್, ಬೆರಳಿಗೆ.”

ಕೊನೆಗೆ ನಲವತ್ತು ಅಂಗಿ ಬಿಚ್ಚಿ ನೋಡೋಣ, ಸಿಕ್ಕರೆ ಮುಂದಿನ ಮಾತು ಎಂದು ತೀರ್ಮಾನವಾಯಿತು. ಇಪ್ಪತ್ತೆರಡು ಮಿಷನ್ ನಿಂತವು. ದಾರದಕ್ಕ ಒಂದೊಂದೇ ತಿರುವಿ, ಕಪ್ಪು ಬಟ್ಟೆಯ ಮೇಲೆ ಕೊಡವಿದರು. ಹತ್ತಾಯಿತು, ಇಪ್ಪತ್ತಾಯಿತು, ನಲವತ್ತಾಯಿತು. ಒಂದೆಳೆ ದಾರವೂ ಬೀಳಲಿಲ್ಲ. ಗುಡ್ಡ ಅಗೆದು ಇಲಿಯೂ ಸಿಗದ ಹಾಗಾಯಿತು. ಮಿಷನ್ ತುಳಿಯುವ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು, ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಳು ಎಂದು ಯಾರೋ ಪಿಸುಗುಟ್ಟಿದರು.

“ಸಾಕು ಅಕ್ಕಾ. ಸಮಾಧಾನ ಆಯ್ತಲ್ಲ? ಕಟ್ಟಿಸಿಬಿಡಿ,” ಎಂದರು ಮಾಲೀಕರು.

ದಾರದಕ್ಕ ಕೂಗಾಡಲಿಲ್ಲ, ಅಳಲೂ ಇಲ್ಲ. ಕತ್ತರಿ ಕೆಳಗಿಟ್ಟು, ಕೈ ಒರೆಸಿಕೊಂಡು ಎದ್ದು ನಿಂತರು. “ಆಗಲಿ ಸಾರ್, ಕಳಿಸಿ. ಕಾರ್ಖಾನೆ ನಿಮ್ಮದು, ಅಂಗಿ ನಿಮ್ಮದು. ಏಳು ಮಾತ್ರ ನಂದು. ತಿರುವಿ ನೋಡದ ಅಂಗೀಲಿ ನನ್ನ ನಂಬರ್ ಹೋಗಬಾರದು. ಚೀಟಿ ಅಷ್ಟು ತೆಗೆಸಿಬಿಡಿ.”

ಕೋಣೆಯಲ್ಲಿ ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಮೊದಲು ನಕ್ಕವರು ಕಟಿಂಗ್ ಮಾಸ್ಟರ್. ಚೀಟಿ ತೆಗೆಯಬೇಕೆಂದರೂ ಅರವತ್ತು ಡಬ್ಬ ಬಿಚ್ಚಲೇಬೇಕು. ಒಂದೊಂದು ಪೊಟ್ಟಣ ಹರಿಯಲೇಬೇಕು. ಒಂದೊಂದು ಪಾದದೊಳಗೆ ಬೆರಳು ಹಾಕಲೇಬೇಕು!

“ನಮ್ಮಪ್ಪನ ಕಾಲದಿಂದ ಇದ್ದೀರಿ ಅಂತ ತಲೆ ಮೇಲೆ ಕೂರ್ತೀರಾ?” ಎಂದು ಮಾಲೀಕರು ರೇಗಿದರು. ರೇಗಿದವರೇ ಕುರ್ಚಿ ಎಳೆದುಕೊಂಡು ಕೂತರು. “ತೆಗೀಬೇಕು ತಾನೇ? ನಾನೇ ತೆಗೀತೀನಿ, ಎಷ್ಟು ಹೊತ್ತಿನ ಕೆಲಸ!” ಎಂದು ಡಬ್ಬ ಹರಿದು, ಅಂಗಿಯ ಪಾದಕ್ಕೆ ಬೆರಳು ತೂರಿಸಿ ಚೀಟಿ ಎಳೆದರು. ಒಂದು, ಎರಡು, ಮೂರು. ಕಟಿಂಗ್ ಮಾಸ್ಟರ್ ಹೇಳುವ ಪ್ರಕಾರ ಇಪ್ಪತ್ತಮೂರನೆಯದಕ್ಕೆ ಅವರ ಕೈ ನಿಂತಿತು. ಚೀಟಿ ಹೊರಗೆ ಬಂದಿತ್ತು. ಅದರ ಜೊತೆಗೆ ಅವರ ಕಿರುಬೆರಳಿಗೆ ಸುತ್ತಿಕೊಂಡು ಹಾಲಿನ ಬಣ್ಣದ ದಾರವೂ ಬಂದಿತ್ತು. ಮಾಲೀಕರು ಬಿಡಿಸಲು ನೋಡಿದರು. ಎಳೆದಷ್ಟೂ ಅದು ಬಿಗಿಯಾಯಿತು.

“ಅವರ ಮುಖ ಸುಣ್ಣ ಬಳಿದ ಹಾಗಾಯ್ತು,” ಎನ್ನುತ್ತಾರೆ ಮಾಸ್ಟರ್. “ದೊಡ್ಡವರ ಬೆರಳಿಗೇ ಹಾಗೆ ಕಚ್ಚಿಕೊಂಡಿತು. ಅಕ್ಕ ಬಂದು ಕತ್ತರಿಸಿಕೊಟ್ರು. ನೋಡಿದ್ರಾ ಅಂತ ಒಂದು ಮಾತೂ ಅನ್ನಲಿಲ್ಲ. ಅಂದಿದ್ರೇ ಎಷ್ಟೋ ವಾಸಿಯಾಗಿರೋದು.”

ಹನ್ನೊಂದಕ್ಕೆ ಬಂದ ವ್ಯಾನ್ ಬರಿದೇ ಹೋಯಿತು. ಅಂಗಡಿಯವರು ಫೋನಿನಲ್ಲಿ ಕೂಗಾಡಿದ್ದು ಕೋಣೆಯ ಆ ಮೂಲೆಗೂ ಕೇಳಿಸಿತು. ಮಾಲೀಕರು ಎಲ್ಲ ಕೇಳಿಸಿಕೊಂಡು, “ಸರಕು ಬುಧವಾರ ಬರುತ್ತೆ. ಬೇಡ ಅಂದ್ರೆ ಬೇಡ,” ಎಂದು ಫೋನ್ ಇಟ್ಟರು. ಆ ಎರಡು ದಿನ ಮಿಷನ್ ತುಳಿಯುವವರೂ, ಇಸ್ತ್ರಿಯವರೂ, ಮಾಲೀಕರೂ ಕಪ್ಪು ಬಟ್ಟೆ ಹಾಸಿಕೊಂಡು ಪಾದ ತಿರುವಿದರು. ಹೇಗೆ ತಿರುವಬೇಕು, ಹೇಗೆ ಕೊಡವಬೇಕು ಎಂದು ಹೇಳಿಕೊಟ್ಟವರು ಏಣಿಯ ಕಟ್ಟಕಡೆಯ ಮೆಟ್ಟಿಲಿನ ಹೆಂಗಸು. ಸಾವಿರದ ನಾನೂರ ಮೂವತ್ತೊಂಬತ್ತು ಅಂಗಿಗಳಲ್ಲಿ ಹನ್ನೊಂದರಲ್ಲಿ ದಾರ ಸಿಕ್ಕಿತು. ಎಲ್ಲವೂ ಓರೆ ತುದಿಯವೇ. ಮೊಮ್ಮಗಳದೂ ಸೇರಿ ಹನ್ನೆರಡು ದಾರಗಳನ್ನು ಕರಿ ರಟ್ಟಿಗೆ ಸಾಲಾಗಿ ಅಂಟಿಸಿ ದಾರದಕ್ಕ ತಮ್ಮ ಕಿಟಕಿಗೆ ನೇತುಹಾಕಿದರು. ಇವತ್ತಿಗೂ ಅದು ಅಲ್ಲೇ ಇದೆ. ಕಾರ್ಖಾನೆಗೆ ಬಂದವರು ಏನಿದು ಎಂದು ಕೇಳುತ್ತಾರೆ. “ನನಗೆ ಬಂದ ಬಹುಮಾನ,” ಎನ್ನುತ್ತಾರೆ.

ಆ ವಾರದಿಂದ ಇಲ್ಲಿ ಎರಡು ಪದ್ಧತಿ ಬದಲಾದವು. ತಿರುವದ ಅಂಗಿಗೆ ಕತ್ತರಿ ತಾಗಿಸುವಂತಿಲ್ಲ, ಎಷ್ಟೇ ಅವಸರವಿರಲಿ. ಇನ್ನೊಂದು, ಚೀಟಿ ಈಗ ಎಡಪಾದಕ್ಕೊಂದು, ಬಲಪಾದಕ್ಕೊಂದು. ಮೊಮ್ಮಗಳಿಗೆ ದಾರ ಸುತ್ತಿದ್ದು ಬಲಗಾಲಿಗೆ, ಚೀಟಿ ಇದ್ದದ್ದು ಎಡಗಾಲಲ್ಲಿ ಎಂಬುದು ದಾರದಕ್ಕನಿಗೆ ಮರೆತಿರಲಿಲ್ಲ. ಎರಡೂ ಚೀಟಿ ತೆಗೆಯಬೇಕೆಂದರೆ ತಾಯಿ ಎರಡೂ ಪಾದದೊಳಗೆ ಬೆರಳು ಹಾಕಲೇಬೇಕು. ನಾವು ನೋಡಿದ್ದು ಸಾಲದಾದರೆ ತಾಯಿಯ ಬೆರಳಿಗಾದರೂ ಸಿಗಲಿ ಎಂಬ ಲೆಕ್ಕ. ಒಂದೇ ಅಂಗಿಗೆ ಎರಡು ಚೀಟಿ ಏಕೆ, ದಂಡ ಎಂದು ಹೊಸದಾಗಿ ಬಂದವರು ಕೇಳುತ್ತಾರೆ. ಅವರಿಗೆ ಕಿಟಕಿಯ ರಟ್ಟು ತೋರಿಸಲಾಗುತ್ತದೆ. ಅವತ್ತು ಫೋನಿನಲ್ಲಿ ಕೂಗಾಡಿದ್ದ ಅಂಗಡಿಯವರು ಈಗ ಏಳನೇ ನಂಬರ್ ಚೀಟಿ ಇದ್ದ ಡಬ್ಬವನ್ನೇ ಕೇಳಿ ಪಡೆಯುತ್ತಾರೆ ಎಂದು ಮಾಲೀಕರು ಹೇಳುವಾಗ ಅವರ ಎದೆಯೂ ಒಂದು ಗೇಣು ಉಬ್ಬುತ್ತದೆ.

ಚೀಟಿಯ ಮೇಲೆ ನಂಬರಿನ ಬದಲು ಹೆಸರನ್ನೇ ಅಚ್ಚು ಹಾಕಿಸೋಣ ಎಂದು ಹೋದ ವರ್ಷ ಮಾಲೀಕರೇ ಬಂದು ಕೇಳಿದರಂತೆ. ದಾರದಕ್ಕ ಒಪ್ಪಲಿಲ್ಲ. “ಹೆಸರು ಹಾಕಿದ್ರೆ ಓದುತ್ತಾ ನಿಂತುಬಿಡ್ತಾರೆ ಸಾರ್. ಏಳು ಅಂತಿದ್ರೆ ಏನಪ್ಪಾ ಇದು ಅಂತ ಇನ್ನೊಂದು ಪಾದಕ್ಕೂ ಬೆರಳು ಹಾಕ್ತಾರೆ.”

ಮೊಮ್ಮಗಳಿಗೆ ಈಗ ಮೂರು ತುಂಬಿದೆ. ಬಲಗಾಲಿನ ಎರಡನೇ ಬೆರಳ ಬುಡದಲ್ಲಿ ಒಂದು ತೆಳು ಗೆರೆ ಉಳಿದಿದೆ, ಹುಡುಕಿದರೆ ಮಾತ್ರ ಕಾಣುವಂಥದು. ಓಡುತ್ತಾಳೆ, ಕುಣಿಯುತ್ತಾಳೆ, ಮೆಟ್ಟಿಲಿಂದ ಹಾರುತ್ತಾಳೆ, ದಿಂಬು ಹರಿದು ದಾರವನ್ನೆಲ್ಲ ಮನೆ ತುಂಬ ಹಾರಿಸಿ ಅಜ್ಜನಿಂದ ಬೈಸಿಕೊಳ್ಳುತ್ತಾಳೆ. ಯಾವ ಕಾಲುಚೀಲ ಕೊಟ್ಟರೂ ಮೊದಲು ಮೊಣಕೈವರೆಗೆ ಕೈ ತೂರಿಸಿ ಒಳಗೆಲ್ಲ ತಡವುತ್ತಾಳೆ. “ಏಳು ಇಲ್ಲ,” ಎಂದು ಗಂಭೀರವಾಗಿ ಹೇಳಿ ಆಮೇಲೆ ಕಾಲು ಮುಂದೆ ಚಾಚುತ್ತಾಳೆ. ಯಾರೂ ಅವಳಿಗೆ ಕಲಿಸಿದ್ದಲ್ಲ.

ಎಂಟು ಗಂಟೆಗೆ ಬಿಸಿಲು ಕಿಟಕಿಯಿಂದ ಮೇಲೇರುತ್ತದೆ. ಇಪ್ಪತ್ತೆರಡು ಮಿಷನ್‌ಗಳು ಎದ್ದು ಗಲಾಟೆ ಶುರುಮಾಡಿವೆ. ದಾರದಕ್ಕನ ಎಡಕ್ಕಿದ್ದ ರಾಶಿ ಬಲಕ್ಕೆ ಬಂದಿದೆ. ಈ ಹೊತ್ತಿಗೆ ನೂರ ಹದಿನೆಂಟು ಅಂಗಿ. ಎರಡು ವರ್ಷಕ್ಕೆ ಕೆಲಸದ ಅವಧಿ ಮುಗಿಯುತ್ತದೆ. ಆಮೇಲೇನು, ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಗೂಟಕ್ಕೆ ಇನ್ನೊಂದು ಪಾದ ಸಿಕ್ಕಿಸುತ್ತಾರೆ.

“ಬಸ್ಸಲ್ಲಿ ಎಲ್ಲಾದ್ರೂ ಮಗು ಅಳೋದು ಕೇಳಿದ್ರೆ ಇವತ್ತಿಗೂ ನಮ್ಮ ಅಂಗಿ ಇರಬಹುದಾ ಅಂತ ಎದ್ದು ಹೋಗಿ ನೋಡಿಬಿಡ್ತೀನಿ. ತಾಯಂದಿರು ನನ್ನ ಹುಚ್ಚಿ ಅಂದುಕೊಳ್ತಾರೇನೋ. ಮಕ್ಕಳು ಅಂದ್ಮೇಲೆ ಅಳಬೇಕು, ಅಳಲಿ. ಹಸಿವಿಗೆ ಅಳಲಿ, ನಿದ್ದೆಗೆ ಅಳಲಿ, ಸುಮ್ಮನೆ ಹಠಕ್ಕಾದ್ರೂ ಅಳಲಿ. ಏಳನೇ ನಂಬರಿನ ಅಂಗಿ ಹಾಕ್ಕೊಂಡು, ಅಂಗಿಗೋಸ್ಕರ ಮಾತ್ರ ಯಾವ ಕೂಸೂ ಅಳಬಾರದು. ಅಷ್ಟೇ.”